ಲೈನ್ ಕ್ಲಿಯರ್ ಕೊಟ್ಟವರು ಯಾರು?

ಬಿಡದಿ ಎಂದರೆ ಹೊರಗಿನವರಿಗೆ ತಟ್ಟೆ ಇಡ್ಲಿ. ಹಳೆಯ ಮೈಸೂರು ರಸ್ತೆಯಲ್ಲಿ ಕಾರು ನಿಲ್ಲಿಸಿ, ಬೆಣ್ಣೆ ಹಾಕಿಸಿಕೊಂಡು ತಿಂದು ಮುಂದೆ ಹೋಗುತ್ತಿದ್ದರು; ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋದ ಮೇಲೆ ಅದೂ ಕಡಿಮೆಯಾಗಿದೆ. ಇನ್ನು ಕೆಲವರು ಟೊಯೋಟಾ ಕಾರ್ಖಾನೆಯ ಹೆಸರು ಹೇಳುತ್ತಾರೆ. ನನಗೆ ಮಾತ್ರ ಬಿಡದಿ ಎಂದರೆ ತಂತಿ. ಊರ ಹೊರಗೆ ಎತ್ತ ತಿರುಗಿದರೂ ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ಮೇಲೆ ಕೈಚಾಚಿ ನಿಂತ ಟವರುಗಳು. ಅವುಗಳಲ್ಲಿ ಕೆಲವು ಹೋಗಿ ಸೇರುವುದು ಪವರ್‌ಗ್ರಿಡ್ ಸಂಸ್ಥೆಯ 400/220 ಕಿಲೋವೋಲ್ಟ್ ಉಪಕೇಂದ್ರಕ್ಕೆ. ಅದು ಅನಿಲ ನಿರೋಧಕ ಮಾದರಿಯದು. ಸ್ವಿಚ್ಚುಗಳೆಲ್ಲ ಎಸ್‌ಎಫ್6 ಅನಿಲ ತುಂಬಿದ ಲೋಹದ ಕೊಳವೆಗಳೊಳಗೆ ಅಡಗಿರುತ್ತವೆ. ಹಳೆಯ ಉಪಕೇಂದ್ರದ ಬೇಲಿಯಾಚೆ ನಿಂತು ಯಾವ ಸ್ವಿಚ್ಚು ತೆರೆದಿದೆ, ಯಾವುದು ಮುಚ್ಚಿದೆ ಎಂದು ಕಣ್ಣಲ್ಲೇ ಹೇಳಬಹುದಿತ್ತು. ಇಲ್ಲಿ ಕಣ್ಣಿಗೆ ಏನೂ ಕಾಣದು. ಸೂಚಕವೋ ಪರದೆಯೋ ಹೇಳಿದ್ದನ್ನು ನಂಬಬೇಕು.

ನಾನು ಪಿಎಚ್.ಡಿ.ಗೆ ಆಯ್ದುಕೊಂಡಿರುವುದು ಈ ನಂಬಿಕೆಯ ವಿಷಯವನ್ನೇ. ವಿದ್ಯುತ್ ಉಪಕೇಂದ್ರಗಳ ಒಳಗಿನ ಸಂವಹನ ಜಾಲವನ್ನು ಸಾಫ್ಟ್‌ವೇರ್ ನಿಯಂತ್ರಣಕ್ಕೆ ಒಪ್ಪಿಸಿದರೆ ಅದರ ಸೈಬರ್ ಭದ್ರತೆ ಏನಾಗುತ್ತದೆ ಎಂಬುದು ಪ್ರಶ್ನೆ. ನಮ್ಮ ದೊಡ್ಡಪ್ಪನಿಗೆ ಇದನ್ನು ಮೂರು ಸಲ ವಿವರಿಸಿದ್ದೆ. ಅವರು ಉಪಕೇಂದ್ರವೊಂದರಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮೂರನೆಯ ಸಲ ಹೇಳಿದಾಗ, "ಅಂದ್ರೆ ಎಲ್.ಸಿ. ಕೊಡೋರು ಯಾರು ಅಂತ ತಾನೆ ಮಗಾ ನೀನು ಓದ್ತಿರೋದು?" ಎಂದರು. ನಾನು ನಕ್ಕುಬಿಟ್ಟೆ. ಈಗ ನನ್ನ ಪ್ರಬಂಧದ ಮೊದಲ ಅಧ್ಯಾಯ ಆ ಮಾತಿನ ಮೇಲೆಯೇ ನಿಂತಿದೆ.

ಎಲ್.ಸಿ. ಎಂದರೆ ಲೈನ್ ಕ್ಲಿಯರ್. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಉಪಕೇಂದ್ರದಿಂದ ಪಡೆಯುವ ಅನುಮತಿ. ಆಪರೇಟರ್ ಆ ಫೀಡರಿನ ವಿದ್ಯುತ್ ನಿಲ್ಲಿಸುತ್ತಾನೆ, ಲೈನನ್ನು ಭೂಮಿಗೆ ಜೋಡಿಸುತ್ತಾನೆ, ಪುಸ್ತಕದಲ್ಲಿ ಸಮಯ, ಹೆಸರು, ಕ್ರಮಸಂಖ್ಯೆ ಬರೆದು ಚೀಟಿ ಕೊಡುತ್ತಾನೆ. ಕೆಲಸ ಮುಗಿದ ಮೇಲೆ, ಎಲ್ಲರೂ ಕಂಬದಿಂದ ಇಳಿದ ಮೇಲೆ, ಪಡೆದವನೇ ಅದನ್ನು ಹಿಂತಿರುಗಿಸಬೇಕು. ಅಲ್ಲಿಯತನಕ ಮಂತ್ರಿ ಬಂದು ಹೇಳಿದರೂ ಲೈನಿಗೆ ಕರೆಂಟ್ ಕೊಡುವಂತಿಲ್ಲ. ಲೈನ್ ಕ್ಲಿಯರ್ ಎಂಬ ಮಾತು ರೈಲಿನವರಲ್ಲೂ ಇದೆ. ಅಲ್ಲೂ ಅರ್ಥ ಹೆಚ್ಚುಕಡಿಮೆ ಇದೇ: ಮುಂದಿನ ದಾರಿಯಲ್ಲಿ ಯಾರೂ ಇಲ್ಲ ಎಂದು ಇನ್ನೊಬ್ಬ ಮನುಷ್ಯ ಕೊಟ್ಟ ಮಾತು.

ಎಂಬತ್ತರ ದಶಕದ ಕೊನೆಯಲ್ಲಿ ನಡೆದದ್ದೊಂದನ್ನು ದೊಡ್ಡಪ್ಪ ಆಗಾಗ ಹೇಳುತ್ತಾರೆ. ಊರಿನ ಹೆಸರು ಬೇಡ. 11 ಕಿಲೋವೋಲ್ಟ್ ಫೀಡರೊಂದರಲ್ಲಿ ಜಂಪರ್ ಕಿತ್ತುಹೋಗಿ ಇಬ್ಬರು ಲೈನ್‌ಮ್ಯಾನುಗಳು ಎಲ್.ಸಿ. ಪಡೆದು ಹೋಗಿದ್ದರು. ಕತ್ತಲಾಗುವ ಹೊತ್ತಿಗೆ ಸ್ಟೇಷನ್ನಿಗೆ ಫೋನ್ ಬಂತು. ಕೆಲಸ ಆಯಿತು, ಎಲ್.ಸಿ. ವಾಪಸ್, ನಂಬರ್ ಇಂಥದ್ದು, ಲೈನ್ ಚಾರ್ಜ್ ಮಾಡಿ. ನಂಬರ್ ಸರಿಯಾಗಿತ್ತು, ಹೇಳಿದ ಹೆಸರೂ ಸರಿಯಾಗಿತ್ತು. ದನಿ ಯಾಕೋ ಬೇರೆ ಅನ್ನಿಸಿ ದೊಡ್ಡಪ್ಪ, "ನಿನ್ ಮಗಳ ಮದ್ವೆ ಯಾವಾಗಪ್ಪಾ ಇಟ್ಕೊಂಡಿದ್ದೀಯಾ?" ಎಂದು ಕೇಳಿದರು. ಅತ್ತಲಿಂದ "ಬರೋ ತಿಂಗ್ಳು ಸಾರ್" ಎಂಬ ಉತ್ತರ ಬಂತು. ಆ ಲೈನ್‌ಮ್ಯಾನಿಗೆ ಮದುವೆಯೇ ಆಗಿರಲಿಲ್ಲ. ಆ ಗಳಿಗೆಯಲ್ಲಿ ಅವನು ಕಂಬದ ಮೇಲಿದ್ದ.

ಫೋನ್ ಮಾಡಿದವನು ಕೊಲೆಗಾರನೇನಲ್ಲ. ಪಂಪ್‌ಸೆಟ್ಟಿಗೆ ಕರೆಂಟ್ ಬರಲಿ ಎಂದು ಕಾದು ಸಾಕಾಗಿದ್ದ ಒಬ್ಬ ರೈತ. ಟೀ ಅಂಗಡಿಯಲ್ಲಿ ಲೈನ್‌ಮ್ಯಾನಿನ ಜೇಬಿನಲ್ಲಿದ್ದ ಚೀಟಿಯ ನಂಬರ್ ಕಂಡಿದ್ದ, ಕೆಲಸ ಮುಗಿದಿರಬಹುದು ಎಂದುಕೊಂಡಿದ್ದ. "ನಂಬರ್ ಸರಿಯಾಗಿತ್ತು ಮಗಾ, ಮನ್ಸ ಸರಿಯಾಗಿರ್ಲಿಲ್ಲ," ಎನ್ನುತ್ತಾರೆ ದೊಡ್ಡಪ್ಪ. ಸೈಬರ್ ಭದ್ರತೆಯ ಪಠ್ಯಪುಸ್ತಕಗಳು ಈ ಒಂದು ಮಾತಿಗೆ ಇನ್ನೂರು ಪುಟ ತೆಗೆದುಕೊಳ್ಳುತ್ತವೆ.

ವಿದ್ಯುತ್ತಿನ ಚರಿತ್ರೆಯನ್ನು ನಾವು ಅಣೆಕಟ್ಟು, ಮೆಗಾವ್ಯಾಟ್, ದಿವಾನರ ದೂರದೃಷ್ಟಿ ಎಂದು ಹೇಳಿಕೊಂಡು ಬಂದಿದ್ದೇವೆ. ಅದನ್ನೇ ದೊಡ್ಡಪ್ಪನ ಪ್ರಶ್ನೆ ಹಿಡಿದು ಹೇಳಿದರೆ ಬೇರೆಯೇ ಕಥೆ ಕಾಣುತ್ತದೆ. ಆಜ್ಞೆ ಕೊಡುವವರು ಯಾರು? ಆ ಆಜ್ಞೆ ಅವರದ್ದೇ ಎಂದು ತಿಳಿಯುವುದು ಹೇಗೆ?

ಆ ಕಥೆ ನಮ್ಮ ಜಿಲ್ಲೆಯ ನೆಲದ ಮೇಲೆಯೇ ಆರಂಭವಾಗುತ್ತದೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ; ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್; ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯವು. 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ಉದ್ದದ ಲೈನು ಆಗಿನ ಕಾನಕಾನಹಳ್ಳಿ, ಈಗಿನ ಕನಕಪುರದ ಸೀಮೆಯನ್ನು ಹಾದು ಹೋಗುತ್ತಿತ್ತು. ಆಗ ಅದು ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಕಾನಕಾನಹಳ್ಳಿ ಸೀಮೆಯ ಜನ ತಲೆಯ ಮೇಲೆ ಹೋಗುವ ತಂತಿ ನೋಡುತ್ತ ಸೀಮೆಎಣ್ಣೆ ಬುಡ್ಡಿಯಲ್ಲೇ ಇನ್ನೂ ಬಹುಕಾಲ ಕಳೆದರು. ಇದು ಬೇರೆಯೇ ಪ್ರಬಂಧದ ವಸ್ತು.

ಆ ಜಾಲದಲ್ಲಿ ಯಂತ್ರಕ್ಕೆ ಯಂತ್ರ ಹೇಳಬಲ್ಲ ಮಾತು ಒಂದೇ ಇತ್ತು: ವೇಗ. ಶಿವನಸಮುದ್ರದ ಯಂತ್ರಗಳು ಆಗ ಉತ್ಪಾದಿಸುತ್ತಿದ್ದುದು ಇಂದಿನಂತೆ ಸೆಕೆಂಡಿಗೆ 50 ಆವರ್ತದ ವಿದ್ಯುತ್ತಲ್ಲ, 25 ಆವರ್ತದ್ದು. ಗಣಿಯಲ್ಲಿ ಹೊರೆ ಹೆಚ್ಚಿದರೆ ಜನರೇಟರ್ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಗವರ್ನರ್ ಎಂಬ ಸಾಧನ ಅದನ್ನು ಗ್ರಹಿಸಿ ಟರ್ಬೈನಿಗೆ ಇನ್ನಷ್ಟು ನೀರು ಬಿಡುತ್ತದೆ. ಈ ಸಂದೇಶವನ್ನು ಯಾರೂ ನಕಲು ಮಾಡಲಾರರು, ಏಕೆಂದರೆ ಅದು ಹೊರೆಯ ಕುರಿತ ಸುದ್ದಿಯಲ್ಲ, ಹೊರೆಯೇ. ಉಳಿದ ಆಜ್ಞೆಗಳೆಲ್ಲ ಮನುಷ್ಯರ ಬಾಯಿಂದ ಮನುಷ್ಯರ ಕಿವಿಗೆ.

ಆಮೇಲೆ ಬಂದದ್ದು ಲೈನಿನ ಮೇಲೆಯೇ ಮಾತು ಕಳಿಸುವ ವ್ಯವಸ್ಥೆ. 50 ಆವರ್ತದ ವಿದ್ಯುತ್ತು ಹರಿಯುವ ತಂತಿಯಲ್ಲೇ ಕೆಲವು ಹತ್ತು ಸಾವಿರದಿಂದ ಕೆಲವು ಲಕ್ಷ ಆವರ್ತದ ಇನ್ನೊಂದು ಅಲೆಯನ್ನು ಸೇರಿಸಿ ಅದರ ಮೇಲೆ ದನಿಯನ್ನು ಕೂರಿಸುವುದು. ಹಳೆಯ ಉಪಕೇಂದ್ರಗಳ ಅಂಗಳದಲ್ಲಿ, ಲೈನು ಒಳಬರುವ ಜಾಗದಲ್ಲಿ, ಡೋಲಿನಂಥ ದೊಡ್ಡ ಸುರುಳಿಯೊಂದು ತೂಗಾಡುತ್ತಿರುವುದನ್ನು ನೀವು ನೋಡಿರಬಹುದು. ಅದು ವೇವ್ ಟ್ರ್ಯಾಪ್, ಮಾತಿನ ಅಲೆ ಟ್ರಾನ್ಸ್‌ಫಾರ್ಮರಿನ ಕಡೆಗೆ ಹೋಗದಂತೆ ತಡೆದು ಫೋನಿನ ಕಡೆಗೆ ತಿರುಗಿಸುವ ಸಾಧನ. ಆ ಫೋನಿನಲ್ಲಿ ಗರಗರ ಸದ್ದು ಜಾಸ್ತಿ, ಮಾತು ಕಮ್ಮಿ ಎಂದು ದೊಡ್ಡಪ್ಪ ಬೈಯುತ್ತಿದ್ದರು. ಆದರೆ ಆ ಮಾತಿನೊಳಗೆ ಕೈಯಾಡಿಸಬೇಕೆಂದರೆ ಲಕ್ಷಾಂತರ ವೋಲ್ಟಿನ ತಂತಿಯ ಹತ್ತಿರ ಹೋಗಬೇಕಿತ್ತು. ಭದ್ರತೆಯನ್ನು ಯಾರೂ ಯೋಚಿಸಿ ಕಟ್ಟಿರಲಿಲ್ಲ. ಅಪಾಯವೇ ಕಾವಲು ಕಾಯುತ್ತಿತ್ತು.

ಕೇಂದ್ರೀಕರಣ ನಡೆದದ್ದು ಹಂತ ಹಂತವಾಗಿ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಬಂತು, ಅರವತ್ತರ ದಶಕದಲ್ಲಿ ದೇಶ ಐದು ವಿದ್ಯುತ್ ವಲಯಗಳಾಯಿತು. ದಕ್ಷಿಣ ವಲಯದ ಭಾರ ರವಾನೆ ಕೇಂದ್ರ, ಅಂದರೆ ಯಾವ ಸ್ಥಾವರ ಎಷ್ಟು ಉತ್ಪಾದಿಸಬೇಕು, ಯಾವ ಲೈನು ಎಷ್ಟು ಹೊರಬೇಕು ಎಂದು ನೋಡಿಕೊಳ್ಳುವ ಕಚೇರಿ, ಇರುವುದು ಬೆಂಗಳೂರಿನಲ್ಲಿ, ಆನಂದರಾವ್ ವೃತ್ತದ ಬಳಿ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ವಲಯಗಳು ಕುಸಿದು ಸುಮಾರು 60 ಕೋಟಿ ಜನರನ್ನು ತಟ್ಟಿದವು. ಅದು ಸೈಬರ್ ದಾಳಿಯಲ್ಲ, ಲೈನುಗಳ ಮೇಲಿನ ಅತಿಹೊರೆ. ನಮಗೇಕೆ ಏನೂ ಆಗಲಿಲ್ಲ? ದಕ್ಷಿಣದ ಜಾಲ ಆಗ ತನ್ನದೇ ಲಯದಲ್ಲಿ ತಿರುಗುತ್ತಿತ್ತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಲ್ಲಿ ಬಂದ ನೇರವಿದ್ಯುತ್ ಮಾರ್ಗದಂಥ ಕೊಂಡಿಗಳಷ್ಟೇ ಎರಡರ ನಡುವೆ ಇದ್ದವು. ಅಂಥ ಕೊಂಡಿ ವಿದ್ಯುತ್ತನ್ನು ದಾಟಿಸುತ್ತದೆ, ಲಯವನ್ನಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನಿನ ಮೂಲಕ ನಾವೂ ಒಂದೇ ಲಯಕ್ಕೆ ಸೇರಿದೆವು. ಕಲ್ಲಿದ್ದಲು, ಸೌರ, ಗಾಳಿ ವಿದ್ಯುತ್ತು ದೇಶದ ಎಲ್ಲಿಂದ ಎಲ್ಲಿಗಾದರೂ ಹೋಗಲು ಇದು ಬೇಕಿತ್ತು. ಒಳ್ಳೆಯದೇ ಆಯಿತು ಎಂದು ನಾನೂ ಹೇಳುತ್ತೇನೆ. ಆದರೆ ಆ ರಾತ್ರಿಯಿಂದ ದೂರ ಎಂಬುದು ರಕ್ಷಣೆಯಾಗಿ ಉಳಿಯಲಿಲ್ಲ.

ಅಷ್ಟರಲ್ಲಿ ಮಾತಿನ ದಾರಿಯೂ ಬದಲಾಗಿತ್ತು. ಟವರಿನ ತುತ್ತತುದಿಯಲ್ಲಿ ಸಿಡಿಲು ತಡೆಯಲು ಎಳೆದಿರುವ ಸಣ್ಣ ತಂತಿಯ ಹೊಟ್ಟೆಯೊಳಗೆ ಗಾಜಿನ ಎಳೆ ಸೇರಿತು. ಪವರ್‌ಗ್ರಿಡ್ ಸಂಸ್ಥೆ ಹರಿಯಾಣದ ಮಾನೇಸರ್‌ನಲ್ಲಿ ಒಂದು ಕೇಂದ್ರ ಕಟ್ಟಿ, ದೇಶದ ಮೂಲೆಮೂಲೆಯ ತನ್ನ ಉಪಕೇಂದ್ರಗಳನ್ನು ಅಲ್ಲಿಂದಲೇ ನೋಡುವ, ಅಲ್ಲಿಂದಲೇ ನಡೆಸುವ ವ್ಯವಸ್ಥೆ ಮಾಡಿತು. 2015ರಿಂದ ಅದು ನಡೆಯುತ್ತಿದೆ. ಉಪಕೇಂದ್ರದೊಳಗೂ ಒಬ್ಬೊಂಟಿ ತಾಮ್ರದ ತಂತಿಗಳ ಬದಲು ಕಂಪ್ಯೂಟರಿನವರ ಈಥರ್‌ನೆಟ್ ಬಂತು. 2003ರ ನಂತರ ಐಇಸಿ 61850 ಎಂಬ ಮಾನದಂಡದ ಪ್ರಕಾರ ಒಂದು ರಿಲೇ ಇನ್ನೊಂದಕ್ಕೆ "ದೋಷ ಕಂಡೆ, ಬ್ರೇಕರ್ ತೆರೆ" ಎಂದು ಹೇಳುವುದು ಒಂದು ಪುಟ್ಟ ಸಂದೇಶದ ಮೂಲಕ. ಅದರ ಹೆಸರು ಗೂಸ್, ಹೆಬ್ಬಾತು. ಅತಿ ತುರ್ತಿನ ಸಂದೇಶ ಸೆಕೆಂಡಿನ ಸಾವಿರದ ಮೂರು ಭಾಗದಲ್ಲಿ ತಲುಪಬೇಕು.

ನನ್ನನ್ನು ಈ ವಿಷಯಕ್ಕೆ ಎಳೆದದ್ದೇ ಈ ಹೆಬ್ಬಾತು. ಪ್ರತಿ ಗೂಸ್ ಸಂದೇಶದಲ್ಲೂ ಎರಡು ಕ್ರಮಸಂಖ್ಯೆಗಳಿರುತ್ತವೆ: ಸ್ಥಿತಿ ಎಷ್ಟನೆಯ ಸಲ ಬದಲಾಯಿತು, ಆ ಸ್ಥಿತಿಯನ್ನು ಎಷ್ಟನೆಯ ಸಲ ಹೇಳುತ್ತಿದ್ದೇನೆ ಎಂದು. ಥೇಟ್ ಎಲ್.ಸಿ. ಪುಸ್ತಕದ ಹಾಗೆ. ಆದರೆ ಮೂಲ ಮಾನದಂಡದಲ್ಲಿ ಹೇಳುತ್ತಿರುವವರು ಯಾರು ಎಂದು ಸಾಬೀತುಪಡಿಸುವ ಏರ್ಪಾಡು ಇರಲಿಲ್ಲ. ಜಾಲದೊಳಗೆ ಹೇಗೋ ಸೇರಿಕೊಂಡ ಲ್ಯಾಪ್‌ಟಾಪೊಂದು ದೊಡ್ಡ ಕ್ರಮಸಂಖ್ಯೆ ಹಾಕಿ ಸುಳ್ಳು ಸಂದೇಶ ಕಳಿಸಿದರೆ, ಕೇಳುವ ರಿಲೇ ಅದನ್ನು ಹೊಸದೆಂದು ಒಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆಮೇಲೆ ನಿಜವಾದ ರಿಲೇ ಕಳಿಸುವ ಚಿಕ್ಕ ಸಂಖ್ಯೆಯ ಸಂದೇಶಗಳನ್ನು ಹಳೆಯವೆಂದು ಬಿಸಾಡುತ್ತದೆ. ನಂಬರ್ ಸರಿ, ಮನುಷ್ಯ ಸರಿಯಿಲ್ಲ. ಟೀ ಅಂಗಡಿಯ ಆ ರೈತ ಮಾಡಿದ್ದೂ ಇದನ್ನೇ. ಸಂದೇಶಕ್ಕೆ ಡಿಜಿಟಲ್ ಸಹಿ ಹಾಕಿಸೋಣ ಎಂದು ಐಇಸಿ 62351 ಎಂಬ ಇನ್ನೊಂದು ಮಾನದಂಡ ಹೇಳಿತು. ರಿಲೇಗಳ ಪುಟ್ಟ ಮೆದುಳಿಗೆ ಮೂರು ಮಿಲಿಸೆಕೆಂಡಿನಲ್ಲಿ ಅಂಥ ಸಹಿ ಹಾಕಿ ಪರಿಶೀಲಿಸುವುದು ಭಾರವಾಯಿತು. ಹಗುರವಾದ ವಿಧಾನ ನಂತರ ಬಂತು. ಆದರೆ ಉಪಕೇಂದ್ರದ ಸಾಧನಗಳು ಮೊಬೈಲ್ ಫೋನಿನ ಹಾಗೆ ಎರಡು ವರ್ಷಕ್ಕೆ ಬದಲಾಗುವುದಿಲ್ಲ, ಹದಿನೈದಿಪ್ಪತ್ತು ವರ್ಷ ಅಲ್ಲೇ ಕೂತಿರುತ್ತವೆ.

ಇವೆಲ್ಲ ಪ್ರಯೋಗಾಲಯದ ಭಯ ಎನ್ನುವವರಿಗೆ 2015ರ ಡಿಸೆಂಬರ್ 23 ಉತ್ತರ ಕೊಟ್ಟಿತು. ಉಕ್ರೇನಿನ ಮೂರು ವಿತರಣಾ ಕಂಪನಿಗಳ ನಿಯಂತ್ರಣ ಕೊಠಡಿಗಳಲ್ಲಿ ಆಪರೇಟರುಗಳು ನೋಡುತ್ತಿದ್ದಂತೆಯೇ ಪರದೆಯ ಮೇಲಿನ ಬಾಣ ತಾನಾಗಿ ಓಡಾಡಿ ಬ್ರೇಕರುಗಳನ್ನು ಒಂದೊಂದಾಗಿ ತೆರೆಯಿತು. ಒಬ್ಬ ನೌಕರ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದಾನೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಸುಮಾರು 2.25 ಲಕ್ಷ ಗ್ರಾಹಕರಿಗೆ ವಿದ್ಯುತ್ ಹೋಯಿತು. ದೂರು ಹೇಳುವ ಫೋನುಗಳಿಗೆ ಸುಳ್ಳು ಕರೆಗಳನ್ನು ಸುರಿದು ಅವನ್ನೂ ಮುಚ್ಚಿದರು. ಮತ್ತೆ ದೂರದಿಂದ ಬ್ರೇಕರ್ ಮುಚ್ಚಲು ಆಗದಂತೆ ಉಪಕೇಂದ್ರಗಳ ಸಂವಹನ ಸಾಧನಗಳ ಒಳತಂತ್ರಾಂಶವನ್ನೇ ಅಳಿಸಿ ಬರೆದರು. ಆದರೂ ಕೆಲವೇ ಗಂಟೆಗಳಲ್ಲಿ ದೀಪ ಬಂತು. ಕಾರಣ ಸರಳ: ಜನ ಗಾಡಿ ಹತ್ತಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದ ಬ್ರೇಕರ್ ಮುಚ್ಚಿದರು. ಮರುವರ್ಷ ಡಿಸೆಂಬರಿನಲ್ಲಿ ಕೀವ್ ಬಳಿಯ ಉಪಕೇಂದ್ರವೊಂದರ ಮೇಲೆ ನಡೆದ ದಾಳಿಯಲ್ಲಿ ಬಾಣ ಓಡಿಸಲು ಮನುಷ್ಯರೂ ಬೇಕಾಗಲಿಲ್ಲ. ಇಂಡಸ್ಟ್ರಾಯರ್ ಎಂಬ ಆ ತಂತ್ರಾಂಶಕ್ಕೆ ಉಪಕೇಂದ್ರದ ಭಾಷೆಗಳೇ ಬರುತ್ತಿದ್ದವು, 61850 ಸೇರಿದಂತೆ.

ನಮ್ಮ ಮನೆ ಬಾಗಿಲಿಗೂ ಒಂದು ಸುದ್ದಿ ಬಂತು. 2020ರ ಅಕ್ಟೋಬರ್ 12ರಂದು ಮುಂಬೈಯಲ್ಲಿ ವಿದ್ಯುತ್ ಹೋಗಿತ್ತು. 2021ರ ಫೆಬ್ರವರಿ ಕೊನೆಯಲ್ಲಿ ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕದ ಕಂಪನಿ, ಚೀನಾದ ನಂಟಿನ ಗುಂಪೊಂದು ಭಾರತದ ವಿದ್ಯುತ್ ಸಂಸ್ಥೆಗಳನ್ನು ಗುರಿಯಾಗಿಸಿಕೊಂಡಿದೆ ಎಂದು ವರದಿ ಮಾಡಿ, ಆ ಗುಂಪಿಗೆ ರೆಡ್‌ಎಕೋ ಎಂದು ಹೆಸರಿಟ್ಟಿತು. ಅದರ ಪಟ್ಟಿಯಲ್ಲಿ ಬೆಂಗಳೂರಿನ ದಕ್ಷಿಣ ವಲಯ ಭಾರ ರವಾನೆ ಕೇಂದ್ರವಿತ್ತು, ವಿಜಯಪುರ ಜಿಲ್ಲೆಯ ಕೂಡಗಿಯ ಎನ್‌ಟಿಪಿಸಿ ಸ್ಥಾವರವೂ ಇತ್ತು. ಟಿವಿಗಳು ಎರಡನ್ನೂ ಜೋಡಿಸಿ ಯುದ್ಧವನ್ನೇ ಸಾರಿದವು. ಮುಂಬೈ ಕತ್ತಲಿಗೆ ಮನುಷ್ಯರ ತಪ್ಪು ಕಾರಣ ಎಂದರು ಕೇಂದ್ರ ಸಚಿವರು; ಮಹಾರಾಷ್ಟ್ರದ ಗೃಹ ಸಚಿವರು ಬುಡಮೇಲು ಕೃತ್ಯದ ಮಾತಾಡಿದರು. ಶ್ಯಾಡೋಪ್ಯಾಡ್ ಎಂಬ ಕುತಂತ್ರಾಂಶದ ಬಗ್ಗೆ ತನಗೆ 2020ರ ನವೆಂಬರಿನಲ್ಲೇ ಎಚ್ಚರಿಕೆ ಬಂದಿತ್ತು, ಕ್ರಮ ಕೈಗೊಂಡಿದ್ದೇವೆ, ಕಾರ್ಯನಿರ್ವಹಣೆಗೆ ತೊಂದರೆಯಾಗಿಲ್ಲ ಎಂದಿತು ಇಂಧನ ಸಚಿವಾಲಯ. ವರದಿಯನ್ನು ಓದಿದರೆ, ಕದ ತಟ್ಟಿದ ಸದ್ದಿಗೆ ಅದರಲ್ಲಿ ಪುರಾವೆಯಿದೆ, ಮುಂಬೈಯ ದೀಪ ಆರಿಸಿದ ಕೈಗೆ ಇಲ್ಲ. ನಾನು ಅಷ್ಟಕ್ಕೇ ನಿಲ್ಲುತ್ತೇನೆ. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ವಿದ್ಯುತ್ ವಲಯಕ್ಕೇ ಪ್ರತ್ಯೇಕವಾದ ಸೈಬರ್ ಭದ್ರತಾ ಮಾರ್ಗಸೂಚಿ ಹೊರಡಿಸಿತು. ಈ ಕೆಲಸದ ಒಂದು ಭಾಗ ಈಗ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪವರ್‌ಗ್ರಿಡ್ ನೆರವಿನಿಂದ ಸ್ಥಾಪನೆಯಾದ ಕೇಂದ್ರದಲ್ಲಿ ನಡೆಯುತ್ತಿದೆ.

ಇನ್ನು ನನ್ನ ವಿಷಯ. ಸಾಧಾರಣ ಈಥರ್‌ನೆಟ್ ಸ್ವಿಚ್ಚು ಊರಿನ ಒಳ್ಳೆಯ ಮನಸ್ಸಿನ ಯಜಮಾನನಿದ್ದ ಹಾಗೆ. ಯಾರು ಬಂದರೂ ಬಾ ಎನ್ನುತ್ತದೆ, ಗುರುತಿಲ್ಲದವರ ವಿಳಾಸಕ್ಕೆ ಪತ್ರ ಬಂದರೆ ಎಲ್ಲ ಮನೆಗೂ ಹಂಚುತ್ತದೆ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಮತ್ತು ಅವರ ಜೊತೆಗಾರರು ಓಪನ್‌ಫ್ಲೋ ಎಂಬ ವಿಧಾನ ಮುಂದಿಟ್ಟರು. ಪ್ರತಿ ಸ್ವಿಚ್ಚಿನ ತಲೆಯೊಳಗಿನ ತೀರ್ಮಾನಶಕ್ತಿಯನ್ನು ಹೊರತೆಗೆದು ಒಂದೇ ಕಡೆ, ಕಂಟ್ರೋಲರ್ ಎಂಬ ತಂತ್ರಾಂಶದಲ್ಲಿ ಇಡುವುದು. ಸ್ವಿಚ್ಚುಗಳು ಅದು ಬರೆದುಕೊಟ್ಟ ನಿಯಮದಂತೆ ನಡೆಯುತ್ತವೆ, ಅಷ್ಟೇ. ವಿಶ್ವವಿದ್ಯಾಲಯಗಳ ಜಾಲಕ್ಕೆಂದು ಹುಟ್ಟಿದ್ದು ಇದು. ಉಪಕೇಂದ್ರಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಅಲ್ಲಿ ಯಾರು ಯಾರೊಡನೆ ಮಾತಾಡಬೇಕು ಎಂಬುದು ಕಟ್ಟುವಾಗಲೇ ಗೊತ್ತಿರುತ್ತದೆ. ಆ ಪಟ್ಟಿಯನ್ನು ಬರೆದು, ಉಳಿದ ಮಾತೆಲ್ಲ ನಿಷಿದ್ಧ ಎಂದುಬಿಡಬಹುದು. ಅಮೆರಿಕದಲ್ಲಿ ಉಪಕೇಂದ್ರಗಳಿಗೆಂದೇ ಮಾಡಿದ ಇಂಥ ಸ್ವಿಚ್ಚುಗಳು ಮಾರುಕಟ್ಟೆಗೆ ಬಂದಿವೆ.

ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಇದನ್ನೇ ಮಾಡಿ ನೋಡಿದೆ. ಹಳೆಯ ಜಾಲದಲ್ಲಿ ನನ್ನ ಲ್ಯಾಪ್‌ಟಾಪಿನ ಸುಳ್ಳು ಹೆಬ್ಬಾತು ರಿಲೇಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ವಂಚಿಸಿತು. ಹೊಸ ಜಾಲದಲ್ಲಿ ಅದೇ ಸಂದೇಶ ಮೊದಲ ಸ್ವಿಚ್ಚಿನ ಬಾಗಿಲಲ್ಲೇ ಸತ್ತಿತು. ಸಂತೋಷವಾಯಿತು. ಆದರೆ ಮೂರನೆಯ ಪ್ರಯೋಗದಲ್ಲಿ ನಾನು ಲ್ಯಾಪ್‌ಟಾಪನ್ನು ಬಿಟ್ಟು ಕಂಟ್ರೋಲರಿನ ಜಾಗದಲ್ಲಿ ಕೂತೆ. ಈಗ ಸುಳ್ಳು ಸಂದೇಶ ಕಳಿಸುವ ಅಗತ್ಯವೇ ಇರಲಿಲ್ಲ. ಯಾರ ಮಾತು ಯಾರಿಗೂ ಕೇಳಿಸದಂತೆ, ಆದರೆ ಪರದೆಯ ಮೇಲೆ ಎಲ್ಲ ಸರಿಯಿದೆ ಎಂದೇ ಕಾಣುವಂತೆ ನಿಯಮ ಬರೆದೆ. ಸ್ವಿಚ್ಚುಗಳು ವಿಧೇಯವಾಗಿ ಒಪ್ಪಿದವು. ಓಪನ್‌ಫ್ಲೋದ ನಂತರದ ಆವೃತ್ತಿಗಳು ಕಂಟ್ರೋಲರ್ ಮತ್ತು ಸ್ವಿಚ್ಚಿನ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಆಡುವುದನ್ನು ಕಡ್ಡಾಯವಾಗಿಸದೆ ಐಚ್ಛಿಕವಾಗಿ ಬಿಟ್ಟವು. ಐಚ್ಛಿಕ ಎಂದರೆ ನಮ್ಮಲ್ಲಿ ಏನಾಗುತ್ತದೆ ಎಂದು ಹೆಲ್ಮೆಟ್ ನೋಡಿದವರಿಗೆಲ್ಲ ಗೊತ್ತು.

ಅಂದಹಾಗೆ, ಇಡೀ ದೇಶದ ಜಾಲವನ್ನು ನಡೆಸುವ ಸಂಸ್ಥೆ 2022ರಲ್ಲಿ ಹೆಸರು ಬದಲಿಸಿಕೊಂಡು ಗ್ರಿಡ್ ಕಂಟ್ರೋಲರ್ ಆಫ್ ಇಂಡಿಯಾ ಆಯಿತು. ಅಲ್ಲೂ ಕಂಟ್ರೋಲರ್, ಇಲ್ಲೂ ಕಂಟ್ರೋಲರ್. ವಿದ್ಯುತ್ತು ನೂರು ವರ್ಷದಲ್ಲಿ ನಡೆದ ದಾರಿಯನ್ನು ಅದರ ಸಂದೇಶಗಳು ಹದಿನೈದು ವರ್ಷದಲ್ಲಿ ನಡೆಯುತ್ತಿವೆ.

ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಪ್ಪನಿಗೆ ಈ ಮೂರನೆಯ ಪ್ರಯೋಗದ ಬಗ್ಗೆ ಹೇಳಿದೆ. ಅದಕ್ಕೆ ಪರಿಹಾರವಾಗಿ ನಾನು ಪ್ರಬಂಧದಲ್ಲಿ ಬರೆದಿರುವುದನ್ನೂ ಹೇಳಿದೆ: ಕಂಟ್ರೋಲರಿನ ಯಾವ ನಿಯಮ ಬದಲಾಗಬೇಕಾದರೂ ಬೇರೆ ಬೇರೆ ಜಾಗದಲ್ಲಿರುವ ಇಬ್ಬರು ಒಪ್ಪಬೇಕು, ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಮಾತಾಡಬೇಕು, ಅಲ್ಲಿಯತನಕ ಸ್ವಿಚ್ಚುಗಳು ಹಳೆಯ ನಿಯಮದಲ್ಲೇ ನಡೆಯಬೇಕು. ಅವರಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಎಲೆಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ರಾತ್ರಿ ಪಾಳಿಗೂ ಇಬ್ರು ಇರ್ತಾರಾ ಮಗಾ?"

ಇರಬೇಕು ಎಂದೆ.

"ನಮ್ ಸ್ಟೇಷನ್ನಲ್ಲೂ ಪುಸ್ತಕದಲ್ಲಿ ಇಬ್ರೇ ಇದ್ರು," ಎಂದರು. "ಆ ಫೋನ್ ಬಂದ್ ದಿನ ಇದ್ದೋನು ನಾನೊಬ್ನೇ."